ಬಿಲ್ಲಿನ ಮರವನ್ನು ಬೇಗ ಒಣಗಿಸುವ ಬಗೆ

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಒಂದು ಬಿಲ್ಲನ್ನು ಮಾಡಬೇಕೆಂದು ಹೊರಟರು. ಅವರಲ್ಲೊಬ್ಬನ ಮನೆಯವರ ಹೊಲ ಶಹಾಪುರದ ಸಮೀಪದಲ್ಲಿದೆ. ಆ ಹೊಲದ ಬದುವಿನಲ್ಲಿ ಹಳೆಯದೊಂದು ಕರಿಜಾಲಿಯ ಮರ. ಅದರ ನೇರವಾದ ಕೊಂಬೆಯೊಂದನ್ನು ಕಡಿದು, ಬೇಗ ಒಣಗಲೆಂದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಮಾಳಿಗೆಯ ಮೇಲೆ ಇಟ್ಟರು. ನಾಲ್ಕನೆಯ ದಿನ ನೋಡಿದರೆ ಕೊಂಬೆಯ ಎರಡು ತುದಿಗಳಲ್ಲಿಯೂ ರೂಪಾಯಿಯ ನಾಣ್ಯ ತೂರುವಷ್ಟು ಅಗಲದ ಬಿರುಕುಗಳು. ಜುಲೈ ತಿಂಗಳಲ್ಲಿ ಇನ್ನೊಂದು ಕೊಂಬೆಯನ್ನು ಕಡಿದರು. ಈ ಸಲ ಬಿಸಿಲಿನ ಗೊಡವೆಗೆ ಹೋಗದೆ ಮನೆಯೊಳಗೆ ಮೂಲೆಯಲ್ಲಿ ನಿಲ್ಲಿಸಿ, ಮೂರು ವಾರಗಳ ತರುವಾಯ ಕೆತ್ತಿ, ಹೆದೆ ಕಟ್ಟಿ ಬಗ್ಗಿಸಿದರು. ಬಿಲ್ಲು ಮುರಿಯಲಿಲ್ಲ, ಆದರೆ ಹೆದೆಯನ್ನು ಬಿಚ್ಚಿದ ಮೇಲೂ ಬಾಗಿಯೇ ಉಳಿಯಿತು. ಬಾಣ ಹತ್ತು ಮಾರು ಹೋಗಿ ಬಿತ್ತು.

“ಸರ್, ಮರದಲ್ಲಿ ನೇರವಾದ ಕೊಂಬೆ ಇನ್ನು ಒಂದೇ ಉಳಿದಿದೆ. ದಸರೆಯ ಹೊತ್ತಿಗೆ ಬಿಲ್ಲು ಆಗಬೇಕು. ಬೇಗ ಒಣಗಿಸುವುದಕ್ಕೆ ಭೌತಶಾಸ್ತ್ರದಲ್ಲಿ ಉಪಾಯವಿಲ್ಲವೆ?” ಎಂದು ಅವರು ಕೇಳಿದರು. ಉಪಾಯವಿದೆ. ಆದರೆ ಅದನ್ನು ಹೇಳುವ ಮೊದಲು ಅವರ ಎರಡು ಸೋಲುಗಳಿಗೂ ಕಾರಣವನ್ನು ತಿಳಿಯಬೇಕು.

ನಮ್ಮ ಸೀಮೆಯಲ್ಲಿ ಬಿಲ್ಲಿನ ಮಾತೆತ್ತಿದರೆ ಸುರಪುರದ ನೆನಪಾಗುವುದು ಸಹಜ. ಅಲ್ಲಿಯ ನಾಯಕರು ಬೇಡ ಮನೆತನದವರು. ಬೇಟೆಗೂ ಬಿಲ್ಲಿಗೂ ಇರುವ ನಂಟು ಹಳೆಯದು. ಆದರೂ ವಿದ್ಯಾರ್ಥಿಗಳು ಒಂದು ವಿಷಯದಲ್ಲಿ ತಪ್ಪು ಕಲ್ಪನೆಯನ್ನು ಇಟ್ಟುಕೊಳ್ಳಬಾರದು. ೧೭೦೫ರಲ್ಲಿ ಔರಂಗಜೇಬನು ವಾಗಣಗೇರಾ ಕೋಟೆಯನ್ನು ಮುತ್ತಿದಾಗ ಬೇಡರ ಪಡೆ ಹೆಸರಾಗಿದ್ದುದು ಬಂದೂಕಿನ ಗುರಿಗಾರಿಕೆಗೆ. ರಾಜಾ ವೆಂಕಟಪ್ಪ ನಾಯಕನು ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ನಿಂತಾಗ ಬಿಲ್ಲಿನ ಕಾಲ ಮುಗಿದು ಬಹಳ ದಿನಗಳಾಗಿದ್ದವು. ಬಿಲ್ಲೆಂಬ ಹೆಸರು ಉಳಿದದ್ದು ಹತ್ತಿ ಹಿಂಜುವ ಪಿಂಜಾರರ ಕೈಯಲ್ಲಿ, ಬೈರಿಗೆ ತಿರುಗಿಸುವ ಬಡಗಿಯ ಕೈಯಲ್ಲಿ. ಪಿಂಜಾರರ ಬಿಲ್ಲಿನಲ್ಲಿ ಮಿಡಿಯುವುದು ನರದ ತಂತಿ. ಮರವು ಬಿಗಿಯಾಗಿ ನಿಂತರೆ ಸಾಕು, ಬಾಗಬೇಕಾಗಿಲ್ಲ. ಬಾಣದ ಬಿಲ್ಲಿನಲ್ಲಾದರೋ ಬಾಗುವುದೇ ಮರದ ಕೆಲಸ. ಆದುದರಿಂದ ಅದರ ಮರವನ್ನು ಒಣಗಿಸುವಾಗ ತೋರಬೇಕಾದ ಎಚ್ಚರ ಬೇರೆ.

ಬಾಗಿದ ಬಿಲ್ಲನ್ನು ಒಮ್ಮೆ ಗಮನಿಸಿರಿ. ಗುರಿಯ ಕಡೆಗಿರುವ ಮೈಯನ್ನು ಬೆನ್ನು ಎಂದೂ, ಬಿಲ್ಲುಗಾರನ ಕಡೆಗಿರುವುದನ್ನು ಹೊಟ್ಟೆ ಎಂದೂ ಕರೆಯೋಣ. ಹೆದೆಯನ್ನು ಎಳೆದಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಕುಗ್ಗುತ್ತವೆ. ಮರ ಹಸಿಯಾಗಿದ್ದರೆ ಹೊಟ್ಟೆಯ ನಾರುಗಳು ಒತ್ತಡವನ್ನು ತಾಳದೆ ಶಾಶ್ವತವಾಗಿ ಕುಗ್ಗಿಬಿಡುತ್ತವೆ. ಬಿಲ್ಲು ಮತ್ತೆ ನೇರವಾಗುವುದಿಲ್ಲ. ಜುಲೈ ತಿಂಗಳ ಬಿಲ್ಲಿಗೆ ಆದದ್ದು ಇದೇ. ಮರ ಅತಿಯಾಗಿ ಒಣಗಿದ್ದರೆ ಅದು ಗಡುಸಾಗುತ್ತದೆ, ಆದರೆ ಬೆನ್ನಿನ ನಾರುಗಳು ಮುನ್ಸೂಚನೆಯಿಲ್ಲದೆ ಹರಿಯುತ್ತವೆ. ಪೂರ್ತಿ ಎಳೆದ ಬಿಲ್ಲು ಮುರಿದರೆ ಅದರ ಚೂರುಗಳು ಮುಖದ ಹತ್ತಿರವೇ ಸಿಡಿಯುವುವು. ಇದು ಹುಡುಗಾಟದ ಮಾತಲ್ಲ.

ಹಾಗಾದರೆ ಎಷ್ಟು ತೇವ ಇರಬೇಕು? ಮರದ ತೇವಾಂಶವನ್ನು ಅಳೆಯುವ ಕ್ರಮ ಹೀಗಿದೆ: ಮರದಲ್ಲಿರುವ ನೀರಿನ ತೂಕವನ್ನು, ಪೂರ್ಣವಾಗಿ ಒಣಗಿದ ಅದೇ ಮರದ ತೂಕದಿಂದ ಭಾಗಿಸಿ ನೂರರಿಂದ ಗುಣಿಸುವುದು. ಭಾಗಿಸುವುದು ಒಣ ತೂಕದಿಂದ, ಹಸಿ ತೂಕದಿಂದಲ್ಲ. ಆದ್ದರಿಂದ ಹಸಿಮರದ ತೇವಾಂಶ ಕೆಲವೊಮ್ಮೆ ನೂರನ್ನೂ ಮೀರುವುದುಂಟು. ಮರದ ಬಿಲ್ಲಿಗೆ ಹಿತವಾದ ತೇವಾಂಶ ನೂರಕ್ಕೆ ೮ರಿಂದ ೧೦. ಅದಕ್ಕಿಂತ ಒಂದೆರಡು ಅಂಶ ಹೆಚ್ಚಾದರೆ ಬಿಲ್ಲು ಸೋಮಾರಿಯಾಗುತ್ತದೆ. ೬ಕ್ಕಿಂತ ಕೆಳಗಿಳಿದರೆ ಅಪಾಯ ಹತ್ತಿರವಾಗುತ್ತದೆ.

ಈ ನೀರು ಮರದಲ್ಲಿ ಎರಡು ಕಡೆ ಅಡಗಿರುತ್ತದೆ. ಮರವೆಂಬುದು ಉದ್ದುದ್ದನೆಯ ಜೀವಕೋಶಗಳ ಕಟ್ಟು. ಕೋಶಗಳ ಒಳಗಿನ ಟೊಳ್ಳಿನಲ್ಲಿ ನಿಂತ ನೀರು ಕೊಡದೊಳಗಿನ ನೀರಿನಂತೆ. ಅದು ಹೋದರೆ ಮರ ಹಗುರವಾಗುತ್ತದೆ, ಅಷ್ಟೇ. ಇನ್ನೊಂದು ಪಾಲು ಕೋಶದ ಗೋಡೆಯಲ್ಲಿಯೇ ಸೆಲ್ಯುಲೋಸಿನ ಅಣುಗಳಿಗೆ ಅಂಟಿಕೊಂಡಿರುತ್ತದೆ. ಕೊಡದ ಮಣ್ಣು ಹೀರಿಕೊಂಡ ನೀರಿನಂತೆ. ಟೊಳ್ಳು ಬರಿದಾಗಿ ಗೋಡೆ ಮಾತ್ರ ತುಂಬಿರುವ ಹಂತಕ್ಕೆ ತಂತುಪರ್ಯಾಪ್ತ ಬಿಂದುವೆಂದು ಹೆಸರು. ಬಹುತೇಕ ಮರಗಳಲ್ಲಿ ಅದು ನೂರಕ್ಕೆ ೩೦ರ ಸುಮಾರಿನಲ್ಲಿದೆ. ಮರ ಕುಗ್ಗುವುದಕ್ಕೂ ಗಡುಸಾಗುವುದಕ್ಕೂ ತೊಡಗುವುದು ಈ ಬಿಂದುವಿನಿಂದ ಕೆಳಗೆ. ಅಲ್ಲಿಂದ ಮುಂದೆ ತೇವಾಂಶ ನೂರಕ್ಕೆ ಒಂದರಂತೆ ಇಳಿದಾಗಲೆಲ್ಲ ಬಾಗುವಿಕೆಯನ್ನು ತಡೆಯುವ ಬಲ, ಸ್ಥೂಲವಾಗಿ ಹೇಳುವುದಾದರೆ, ನೂರಕ್ಕೆ ನಾಲ್ಕರಷ್ಟು ಏರುತ್ತದೆ.

ಮರ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಕುಗ್ಗಿದ್ದರೆ ಬಿರುಕಿನ ಕಾಟ ಅರ್ಧ ಕಡಮೆಯಾಗುತ್ತಿತ್ತು. ಹಾಗಾಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಉದ್ದಕ್ಕೆ ಕುಗ್ಗುವುದು ನೂರಕ್ಕೆ ೦.೧ ಅಥವಾ ೦.೨ ಮಾತ್ರ. ದುಂಡಾದ ಕೊಂಬೆಯ ಪರಿಧಿ ಕುಗ್ಗಬೇಕೆನ್ನುತ್ತದೆ, ಒಳಗಿನ ತಿರುಳು ಅಷ್ಟು ಬಿಡೆನೆನ್ನುತ್ತದೆ. ಕೊನೆಗೆ ಕೊಂಬೆ ಸೀಳುತ್ತದೆ. ಇದರ ಜೊತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಅದನ್ನು ಕಾಣಲು ಪ್ರಯೋಗಶಾಲೆ ಬೇಡ. ಬೇಸಿಗೆಯಲ್ಲಿ ಯಾದಗಿರಿಯಿಂದ ಸುರಪುರದವರೆಗಿನ ಎರೆಹೊಲಗಳನ್ನು ನೋಡಿದರೆ ಸಾಕು. ಮೇಲಿನ ಮಣ್ಣು ಒಣಗಿ ಕುಗ್ಗಲು ಹವಣಿಸುತ್ತದೆ. ಕೆಳಗಿನ ತೇವದ ಮಣ್ಣು ಕುಗ್ಗದೆ ಅದನ್ನು ಹಿಡಿದಿಡುತ್ತದೆ. ಎಳೆತ ಮಿತಿಮೀರಿದಾಗ ನೆಲ ಬಾಯಿಬಿಡುತ್ತದೆ. ಮಾಳಿಗೆಯ ಮೇಲಿನ ಜಾಲಿಯ ಕೊಂಬೆಯಲ್ಲಿಯೂ ಹೊರಮೈ ಒಂದೆರಡು ದಿನಗಳಲ್ಲಿ ಒಣಗಿತು, ಒಳಮೈ ಹಸಿಯಾಗಿಯೇ ಇತ್ತು. ತುದಿಗಳಲ್ಲಿ ಬಿರುಕು ಮೊದಲು ಬಂದುದಕ್ಕೂ ಕಾರಣವುಂಟು. ನಾರಿನ ಉದ್ದಕ್ಕೆ ನೀರು ಸಾಗುವ ವೇಗ, ಅಡ್ಡಲಾಗಿ ಸಾಗುವ ವೇಗದ ಹತ್ತು ಹದಿನೈದು ಪಟ್ಟು ಇರುತ್ತದೆ. ಕಡಿದ ತುದಿಗಳು ತೆರೆದ ಕೊಳವೆಗಳಿದ್ದಂತೆ.

ಈಗ ವೇಗದ ಪ್ರಶ್ನೆಗೆ ಬರೋಣ. ನೀರನ್ನು ಆವಿ ಮಾಡಲು ಶಾಖ ಬೇಕು, ಆದುದರಿಂದ ಹೆಚ್ಚು ಶಾಖ ಕೊಟ್ಟರೆ ಬೇಗ ಒಣಗಬೇಕು ಎಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಮಾಡಿ ನೋಡೋಣ. ಒರಟಾಗಿ ಕೆತ್ತಿದ ಒಂದು ಹಸಿ ಸೀಳಿನಿಂದ ೩೦೦ ಗ್ರಾಂ ನೀರು ಹೋಗಬೇಕೆಂದಿಟ್ಟುಕೊಳ್ಳಿ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು ೨,೪೦೦ ಜೂಲ್. ಒಟ್ಟು ೭,೨೦,೦೦೦ ಜೂಲ್. ೬೦ ವಾಟಿನ ಒಂದು ಬಲ್ಬು ಇಷ್ಟನ್ನು ೧೨,೦೦೦ ಸೆಕೆಂಡುಗಳಲ್ಲಿ, ಎಂದರೆ ೩ ಗಂಟೆ ೨೦ ನಿಮಿಷಗಳಲ್ಲಿ ಕೊಡಬಲ್ಲದು! ಆದರೆ ಮರ ಒಣಗಲು ವಾರಗಳು ಹಿಡಿಯುತ್ತವೆ. ಹಾಗಾದರೆ ತಡವಾಗುವುದು ಶಾಖದ ಕೊರತೆಯಿಂದಲ್ಲ. ಒಳಗಿನ ನೀರು ಗೋಡೆಯಿಂದ ಗೋಡೆಗೆ ದಾಟಿ ಹೊರಮೈಗೆ ಬರುವ ದಾರಿಯೇ ನಿಧಾನವಾದುದು. ಈ ನಡೆಗೆ ವಿಸರಣವೆನ್ನುತ್ತಾರೆ.

ವಿಸರಣದ ನಿಯಮದಲ್ಲಿ ನಮಗೆ ಬೇಕಾದ ಬೀಗದಕೈ ಇದೆ. ವಿಸರಣಕ್ಕೆ ತಗಲುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ೬ ಸೆಂಟಿಮೀಟರ್ ದಪ್ಪದ ತುಂಡನ್ನು ೨ ಸೆಂಟಿಮೀಟರಿಗೆ ಇಳಿಸಿದರೆ ಕಾಲ ಮೂರರಲ್ಲಿ ಒಂದು ಪಾಲಲ್ಲ, ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ನಿಜವಾದ ಮರದಲ್ಲಿ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಬರುವುದಿಲ್ಲ, ಆದರೆ ಲಾಭ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಮರಗೆಲಸದವರ ಹಳೆಯ ಲೆಕ್ಕ, ಗಾಳಿಯಲ್ಲಿ ಪೇರಿಸಿಟ್ಟ ದಪ್ಪ ಹಲಗೆಗಳಿಗೆ ಹುಟ್ಟಿದ್ದು. ಬಿಲ್ಲಿನವನು ಅಷ್ಟು ಕಾಯಬೇಕಾಗಿಲ್ಲ. ಕೊಂಬೆಯನ್ನು ಕಡಿದ ದಿನವೇ ತಿರುಳಿನ ಮೂಲಕ ಎರಡಾಗಿ ಸೀಳಿ, ಬಿಲ್ಲಿನ ಆಕಾರಕ್ಕೆ ಒರಟಾಗಿ ಕೆತ್ತಿಬಿಡುವುದು: ನಡುವಿನ ಹಿಡಿಯನ್ನು ದಪ್ಪವಾಗಿ ಬಿಟ್ಟು, ಎರಡು ತೋಳುಗಳನ್ನು ಬೇಕಾದುದಕ್ಕಿಂತ ಕೊಂಚ ದಪ್ಪವಾಗಿ ಉಳಿಸಿಕೊಂಡರೆ ಸಾಕು. ಸೀಳಿದ ಕೂಡಲೇ ಪರಿಧಿಗೂ ತಿರುಳಿಗೂ ಇದ್ದ ಜಗಳ ತೀರುತ್ತದೆ. ಹಸಿಮರವನ್ನು ಕೆತ್ತುವುದೂ ಸುಲಭ. ಆದರೆ ಕೆತ್ತಿದ ಹಸಿ ಸೀಳನ್ನು ಎಷ್ಟೇ ಆಸೆಯಾದರೂ ಬಗ್ಗಿಸಿ ನೋಡಬಾರದು.

ಕೆತ್ತಿದೊಡನೆಯೇ ಎರಡು ತುದಿಗಳಿಗೂ ಹಿಡಿಯ ಭಾಗಕ್ಕೂ ಬಣ್ಣ, ಮೇಣ ಅಥವಾ ಬಡಗಿಯ ಬಿಳಿ ಅಂಟನ್ನು ದಪ್ಪನಾಗಿ ಬಳಿಯಬೇಕು. ಕೊರಡಿನ ತುದಿಗಳಿಗೆ ಸಗಣಿಯನ್ನು ಮೆತ್ತುವ ಹಳ್ಳಿಗರ ಪದ್ಧತಿಯ ಉದ್ದೇಶವೂ ಇದೇ. ತೊಗಟೆಯನ್ನು ತೆಗೆದಿದ್ದರೆ ಬೆನ್ನಿಗೂ ಒಂದು ಲೇಪ ಬೇಕು, ಏಕೆಂದರೆ ಬಿಲ್ಲಿನ ಬೆನ್ನಿನ ಮೇಲೆ ಕೂದಲೆಳೆಯಷ್ಟು ಅಡ್ಡ ಗೀರನ್ನೂ ಸಹಿಸುವಂತಿಲ್ಲ. ನೀರು ಹೊಟ್ಟೆಯಿಂದಲೂ ಪಕ್ಕಗಳಿಂದಲೂ ಹೋಗಲಿ.

ಇಲ್ಲಿ ಒಂದು ಮಾತು. ಜಾಲಿಯ ಕೊರಡನ್ನು ಕೆರೆಯ ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು ಆಮೇಲೆ ಒಣಗಿಸುವ ರೂಢಿ ನಮ್ಮ ಬಡಗಿಗಳಲ್ಲಿತ್ತು. ಒಣಗಿಸಲು ನೀರಿಗೆ ಹಾಕುವುದೆ ಎಂದು ನಗಬೇಡಿರಿ. ಮರದ ರಸದಲ್ಲಿರುವ ಸಕ್ಕರೆ ಮುಂತಾದವು ನೀರಿಗೆ ಬಿಟ್ಟುಹೋಗುವುದರಿಂದ ಕೊರೆಯುವ ಹುಳುಗಳ ಹಾವಳಿ ಕಡಮೆಯಾಗುತ್ತದೆ. ಬಿದಿರಿಗೂ ಇದೇ ಉಪಚಾರವುಂಟು. ಆದರೆ ಇದರಿಂದ ಒಣಗುವ ಕಾಲವೇನೂ ಉಳಿಯದು. ದಸರೆಯ ಅವಸರದಲ್ಲಿದ್ದವರಿಗೆ ಇದು ಹೊಂದದು.

ದಪ್ಪವನ್ನು ಇಳಿಸಿದ ಮೇಲೆ ಗಾಳಿಯ ವಿಚಾರ. ಮರ ಪೂರ್ಣವಾಗಿ ಒಣಗಿ ಮುಗಿಯಿತು ಎಂಬ ಸ್ಥಿತಿ ನಮ್ಮ ಮನೆಗಳಲ್ಲಿ ಎಂದೂ ಬರುವುದಿಲ್ಲ. ಸುತ್ತಲಿನ ಗಾಳಿಯ ಆರ್ದ್ರತೆಗೆ ತಕ್ಕ ಒಂದು ತೇವಾಂಶದಲ್ಲಿ ಮರ ನಿಲ್ಲುತ್ತದೆ. ಇದು ಸಮತೋಲನ ತೇವಾಂಶ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೮೦ ಇದ್ದರೆ ಮರದ ತೇವಾಂಶ ೧೬ರ ಹತ್ತಿರ ನಿಲ್ಲುತ್ತದೆ, ೬೫ಕ್ಕೆ ೧೨, ೫೦ಕ್ಕೆ ೯, ೨೫ಕ್ಕೆ ೫. ಈಗ ಜುಲೈ ತಿಂಗಳ ಸೋಲು ಸ್ಪಷ್ಟವಾಗುತ್ತದೆ. ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಗಾಳಿಯ ಆರ್ದ್ರತೆ ೮೦ರಲ್ಲಿಯೇ ನಿಂತಿದ್ದರೆ, ಮೂಲೆಯಲ್ಲಿಟ್ಟ ಸೀಳು ಮೂರು ವಾರವಲ್ಲ, ಮೂರು ತಿಂಗಳು ಕಾದರೂ ೧೬ಕ್ಕಿಂತ ಕೆಳಗೆ ಇಳಿಯಲಾರದು. ತಾಳ್ಮೆಯಿಂದ ಏನೂ ಆಗುತ್ತಿರಲಿಲ್ಲ.

ಬೆಂಕಿ ಹಾಕಿ ಸುಡದೆ ಈ ಗಾಳಿಯನ್ನೇ ಒಣಗಿಸುವುದು ಹೇಗೆ? ೨೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ ಪಾದರಸದ ೨೬.೭ ಮಿಲಿಮೀಟರ್. ಆರ್ದ್ರತೆ ೮೦ ಇದ್ದಾಗ ಗಾಳಿಯಲ್ಲಿರುವ ಆವಿಯ ಒತ್ತಡ ಅದರ ನೂರಕ್ಕೆ ೮೦, ಎಂದರೆ ೨೧.೪ ಮಿಲಿಮೀಟರ್. ಅದೇ ಗಾಳಿಯನ್ನು ೩೫ ಡಿಗ್ರಿಗೆ ಬಿಸಿ ಮಾಡೋಣ. ಆವಿ ಅಷ್ಟೇ ಇರುತ್ತದೆ, ಆದರೆ ಪರ್ಯಾಪ್ತ ಒತ್ತಡ ೪೨.೨ ಮಿಲಿಮೀಟರಿಗೆ ಏರುತ್ತದೆ. ೨೧.೪ನ್ನು ೪೨.೨ರಿಂದ ಭಾಗಿಸಿದರೆ ಸಾಪೇಕ್ಷ ಆರ್ದ್ರತೆ ನೂರಕ್ಕೆ ೫೧. ಇದಕ್ಕೆ ತಕ್ಕ ಸಮತೋಲನ ತೇವಾಂಶ ಸುಮಾರು ೯. ನಮಗೆ ಬೇಕಾದುದೇ ೮ರಿಂದ ೧೦! ಕೇವಲ ೮ ಡಿಗ್ರಿ ಬಿಸಿ ಮಾಡಿದ್ದರಿಂದ ಮಳೆಗಾಲದ ಗಾಳಿ ಬಿಲ್ಲಿಗೆ ಹೇಳಿ ಮಾಡಿಸಿದ ಗಾಳಿಯಾಯಿತು. ಇದರ ಇನ್ನೊಂದು ಗುಣವನ್ನು ಗಮನಿಸಬೇಕು: ಇಂಥ ಗಾಳಿಯಲ್ಲಿ ಸೀಳನ್ನು ಎಷ್ಟು ದಿನ ಮರೆತುಬಿಟ್ಟರೂ ಅದು ೯ಕ್ಕಿಂತ ಹೆಚ್ಚು ಒಣಗದು. ೪೦ ಡಿಗ್ರಿಗೆ ಏರಿಸಿದರೆ ಆರ್ದ್ರತೆ ೩೯ಕ್ಕೆ, ಸಮತೋಲನ ತೇವಾಂಶ ೭ಕ್ಕೆ ಇಳಿಯುತ್ತದೆ. ವಿಸರಣವೂ ಚುರುಕಾಗುತ್ತದೆ, ಬಿರುಕಿನ ಭಯವೂ ಹೆಚ್ಚುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಸಲ ಮಾಡುವವರು ೩೫ನ್ನು ದಾಟದಿರುವುದೇ ಲೇಸು.

ಇದಕ್ಕೆ ಬೇಕಾದ ಉಪಕರಣ ಆರು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಹಲಗೆಯ ಪೆಟ್ಟಿಗೆ. ಕೆಳಗಡೆ ಶಾಖಕ್ಕೆ ಹಳೆಯ ಮಾದರಿಯ ತಂತಿಯ ಬಲ್ಬು. ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು, ಅದು ಬಿಸಿಯಾಗದಿರುವುದೇ ಅದರ ಗುಣ. ಬಲ್ಬಿಗೂ ಮರಕ್ಕೂ ನಡುವೆ ತಗಡಿನ ಮರೆ ಇರಬೇಕು. ಬಲ್ಬಿನ ಹೋಲ್ಡರು ಪಿಂಗಾಣಿಯದಾಗಿರಲಿ, ವೈರಿಂಗನ್ನು ಬಲ್ಲವರಿಂದ ಮಾಡಿಸಿರಿ, ಮನೆಯಲ್ಲಿ ಯಾರೂ ಇಲ್ಲದಾಗಲೂ ರಾತ್ರಿ ಮಲಗುವಾಗಲೂ ದೀಪವನ್ನು ಆರಿಸಿರಿ. ಸೀಳಿನ ಮಗ್ಗುಲಲ್ಲಿಯೇ ಉಷ್ಣತಾಮಾಪಕವನ್ನು ಇಟ್ಟು ಬಲ್ಬಿನ ವಾಟನ್ನು ಬದಲಿಸುತ್ತ ೩೫ ಡಿಗ್ರಿಯನ್ನು ಸಾಧಿಸಬೇಕು. ಸೀಳು ಸೊಟ್ಟಗಾಗದಂತೆ ನೇರವಾದ ಒಂದು ರೀಪಿಗೆ ಅಲ್ಲಲ್ಲಿ ಕಟ್ಟಿ, ನಡುವೆ ಗಾಳಿಯಾಡಲು ಸಣ್ಣ ಚಕ್ಕೆಗಳನ್ನು ಸಿಕ್ಕಿಸಬೇಕು.

ಪೆಟ್ಟಿಗೆಯ ಕೆಳಗೂ ಮೇಲೂ ರಂಧ್ರಗಳಿರುವುದು ಅವಶ್ಯ. ಶಾಖ ಹೊರಗೆ ಹೋದೀತೆಂದು ನಮ್ಮ ವಿದ್ಯಾರ್ಥಿಗಳು ಮೊದಲ ದಿನ ಅವುಗಳಿಗೆ ಬಟ್ಟೆ ತುರುಕಿದ್ದರು. ಈ ಪೆಟ್ಟಿಗೆಯ ಗಾತ್ರ ಸುಮಾರು ೧೭೦ ಲೀಟರು. ೩೫ ಡಿಗ್ರಿಯಲ್ಲಿ ಅಷ್ಟು ಗಾಳಿ ಹೊರಬಲ್ಲ ನೀರಾವಿ ಹೆಚ್ಚೆಂದರೆ ೭ ಗ್ರಾಂ. ಹೋಗಬೇಕಾದುದು ೩೦೦ ಗ್ರಾಂ. ರಂಧ್ರ ಮುಚ್ಚಿದ ಪೆಟ್ಟಿಗೆ ಬೇಗನೆ ಬೆಚ್ಚಗಿನ ಹಬೆಯ ಕೋಣೆಯಾಗುತ್ತದೆ. ಮರ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಇದೇ ತತ್ತ್ವದ ದೊಡ್ಡ ಒಣಗೂಡುಗಳು ಮರದ ಕಾರ್ಖಾನೆಗಳಲ್ಲಿವೆ. ಸೂರ್ಯನ ಶಾಖದಿಂದ ನಡೆಯುವ ಗೂಡುಗಳನ್ನು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಬೆಂಗಳೂರಿನಲ್ಲಿ ೧೯೩೮ರಲ್ಲಿ ಅರಣ್ಯ ಪ್ರಯೋಗಶಾಲೆಯಾಗಿ ತೊಡಗಿ, ೧೯೮೮ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸ್ಥೆಯಾದ ಕೇಂದ್ರದಲ್ಲಿಯೂ ಇಂಥ ಸಂಶೋಧನೆ ನಡೆಯುತ್ತ ಬಂದಿದೆ.

ಸೀಳನ್ನು ಕಡಿದ ದಿನವೇ ಪೆಟ್ಟಿಗೆಗೆ ಹಾಕಬಾರದು. ಟೊಳ್ಳಿನ ನೀರು ಹೋಗುವವರೆಗೆ, ಸುಮಾರು ಎರಡು ವಾರ, ನೆರಳಿನಲ್ಲಿ ಗಾಳಿಯ ನೇರ ಹೊಡೆತವಿಲ್ಲದ ಕಡೆ ಇಡಬೇಕು. ಹಂತ ಬಂದಿತೆಂದು ತಿಳಿಯುವುದು ತಕ್ಕಡಿಯಿಂದ. ಕೆತ್ತುವಾಗ ಬಿದ್ದ ಒಂದು ತುಂಡನ್ನು ಆಗಲೇ ತೂಗಿ, ಪ್ರಯೋಗಶಾಲೆಯ ಒಲೆಯಲ್ಲಿ ೧೦೩ ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿರಿ. ೮೦ ಗ್ರಾಂ ಇದ್ದುದು ೫೦ ಗ್ರಾಮಿಗೆ ಇಳಿಯಿತೆನ್ನೋಣ. ತೇವಾಂಶ ನೂರಕ್ಕೆ ೬೦ ಇತ್ತೆಂದಾಯಿತು. ಅದೇ ದಿನ ಸೀಳಿನ ತೂಕ ೯೬೦ ಗ್ರಾಂ ಇದ್ದಿದ್ದರೆ ಅದರ ಒಣ ತೂಕ ೯೬೦ನ್ನು ೧.೬ರಿಂದ ಭಾಗಿಸಿದಷ್ಟು: ೬೦೦ ಗ್ರಾಂ. ಸೀಳು ೭೮೦ ಗ್ರಾಂ ತೂಗಿದ ದಿನ ತೇವಾಂಶ ಸರಾಸರಿ ೩೦, ಆಗ ಪೆಟ್ಟಿಗೆಗೆ. ೬೬೦ ತೂಗಿದ ದಿನ ೧೦. ಅಲ್ಲಿಂದ ಒಂದು ವಾರ ತೂಕ ಹೆಚ್ಚುಕಡಮೆ ಸ್ಥಿರವಾಗಿ ನಿಂತರೆ ಒಳಮೈಯೂ ಹೊರಮೈಯೂ ಸಮನಾದವೆಂದು ತಿಳಿಯಬೇಕು. ಪ್ರತಿದಿನ ಒಂದೇ ವೇಳೆಗೆ ತೂಗಿ ಗ್ರಾಫಿನ ಕಾಗದದ ಮೇಲೆ ಗುರುತಿಸಿದರೆ ಮೊದಲು ಕಡಿದಾಗಿ ಇಳಿದು ಬರಬರುತ್ತ ಮಟ್ಟಸವಾಗುವ ವಕ್ರರೇಖೆ ದೊರೆಯುತ್ತದೆ. ರೇಖೆ ಇನ್ನೂ ಇಳಿಯುತ್ತಿರುವಾಗ ಕೈಹಾಕುವವನು ಜುಲೈ ತಿಂಗಳ ಬಿಲ್ಲನ್ನೇ ಮತ್ತೆ ಮಾಡುತ್ತಾನೆ.

ನಮ್ಮ ವಿದ್ಯಾರ್ಥಿಗಳ ಮೂರನೆಯ ಸೀಳು ಆಗಸ್ಟಿನ ಆರಂಭದಲ್ಲಿ ಮರದಿಂದ ಇಳಿದು, ಎರಡು ವಾರ ನೆರಳಿನಲ್ಲಿಯೂ ಮೂರು ವಾರಗಳಿಗಿಂತ ತುಸು ಹೆಚ್ಚು ಪೆಟ್ಟಿಗೆಯಲ್ಲಿಯೂ ಇತ್ತು. ಬೆನ್ನಿನಲ್ಲಿ ಬಿರುಕಿರಲಿಲ್ಲ, ಒಂದು ತುದಿಯಲ್ಲಿ ಮಾತ್ರ ಲೇಪ ತೆಳುವಾಗಿದ್ದ ಕಡೆ ಬೆರಳಗಲದ ಸೀಳು ಬಂದು ಅಷ್ಟನ್ನು ಕತ್ತರಿಸಬೇಕಾಯಿತು. ಅವರ ಹಟದಿಂದ ಜಾಲಿಯಲ್ಲಿಯೇ ಕೆಲಸ ನಡೆಯಿತು. ಆಯ್ಕೆ ನಮ್ಮದಾಗಿದ್ದರೆ ತಡಸಲನ್ನು ಹುಡುಕುತ್ತಿದ್ದೆವು. ಸಂಸ್ಕೃತದಲ್ಲಿ ಅದಕ್ಕೆ ಧನ್ವನವೆಂಬ ಹೆಸರೇ ಇದೆ. ಅದು ಸಿಗದಿದ್ದರೆ ಗಟ್ಟಿ ಬಿದಿರು. ಕ್ರಿ. ಪೂ. ೪೮೦ರಲ್ಲಿ ಗ್ರೀಸಿನ ಮೇಲೆ ಹೋದ ಪಾರಸಿಕ ದೊರೆಯ ಸೈನ್ಯದಲ್ಲಿದ್ದ ಭಾರತೀಯರ ಬಿಲ್ಲುಗಳು ಜೊಂಡಿನ ಜಾತಿಯ ಗಿಡದವೆಂದು ಹಿರೊಡೋಟಸ್ ಬರೆದಿರುವನು; ಅದು ಬಿದಿರೇ ಇರಬೇಕೆಂದು ಅನೇಕರ ಊಹೆ. ಇಂದಿಗೂ ನಮ್ಮ ದೇಶದ ‘ಇಂಡಿಯನ್ ರೌಂಡ್’ ಸ್ಪರ್ಧೆಗಳಲ್ಲಿ ಹಿಡಿಯುವುದು ಬಿದಿರಿನ ಬಿಲ್ಲನ್ನೇ.

ಬಿಲ್ಲು ಸಿದ್ಧವಾದ ಮೇಲೂ ಗಾಳಿ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಯಾದಗಿರಿಯ ಮೇ ತಿಂಗಳ ಮಧ್ಯಾಹ್ನ ಉಷ್ಣತೆ ೪೦ ಡಿಗ್ರಿಯನ್ನು ದಾಟಿ ಆರ್ದ್ರತೆ ೨೫ರ ಆಸುಪಾಸಿಗೆ ಇಳಿದಾಗ ಸಮತೋಲನ ತೇವಾಂಶ ೫. ಅಪಾಯದ ಗೆರೆಯಿಂದ ಕೆಳಗೆ. ಎಣ್ಣೆ ಅಥವಾ ವಾರ್ನಿಷಿನ ಲೇಪ ಈ ಬದಲಾವಣೆಯನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ. ಆ ದಿನಗಳಲ್ಲಿ ಬಿಲ್ಲನ್ನು ಮಾಳಿಗೆಯ ಬಿಸಿಗೆ ದೂರವಾಗಿ, ಕುಡಿಯುವ ನೀರಿನ ಗಡಿಗೆಗಳಿರುವ ತಂಪಾದ ಕೋಣೆಯಲ್ಲಿ ಹೆದೆ ಬಿಚ್ಚಿ ಅಡ್ಡಲಾಗಿ ತೂಗಹಾಕಬೇಕು. ಮುಗಿಸಿದ ದಿನದ ತೂಕವನ್ನು ಹಿಡಿಯ ಬಳಿ ಬರೆದಿಟ್ಟು, ಬೇಸಿಗೆಯಲ್ಲಿ ಎಳೆಯುವ ಮೊದಲು ಮತ್ತೆ ತೂಗಿ ನೋಡಬೇಕು. ಒಣ ತೂಕ ೪೦೦ ಗ್ರಾಂ ಇರುವ ಬಿಲ್ಲು ೯ರಿಂದ ೫ಕ್ಕೆ ಇಳಿದಿದ್ದರೆ ತಕ್ಕಡಿ ೧೬ ಗ್ರಾಂ ಕಡಮೆ ತೋರಿಸುತ್ತದೆ. ಅಂಥ ದಿನ ಅದನ್ನು ಎಳೆಯದೆ ಗೋಡೆಗೆ ಮರಳಿಸಿರಿ.